ಆಗ್ಡನ್ನರ ಇಂಗ್ಲಿಷು

ಕಳೆದ ಬೇಸಿಗೆಯ ರಜೆಯಲ್ಲಿ ಸೋದರಮಾವನ ಅಡಿಕೆ ಮಂಡಿಯಲ್ಲಿ ಕುಳಿತು ಹೊರರಾಜ್ಯದ ವರ್ತಕರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದೊಂದು ಕಾಗದಕ್ಕೂ ಅರ್ಧ ದಿನ ಹಿಡಿಯಿತು. ಬಿ.ಎ. ಓದುವವನಿಗೆ ಇಷ್ಟೂ ಬಾರದೇ ಎಂದು ಮಾವ ನಕ್ಕರು. ನನಗೆ ನಗು ಬರಲಿಲ್ಲ. ಕಾಲೇಜು ತೆರೆದ ಮೇಲೆ ನಮ್ಮ ಪುಸ್ತಕಭಂಡಾರದಲ್ಲಿ ಸಿ. ಕೆ. ಆಗ್ಡನ್ನರ ಪರಿಚಯವಾದಾಗ, ನನ್ನಂಥವರಿಗಾಗಿಯೇ ಹುಟ್ಟಿದ ಮಹಾನುಭಾವರು ಇವರು ಎನಿಸಿತು.

ಚಾರ್ಲ್ಸ್ ಕೇ ಆಗ್ಡನ್ನರು 1889ರಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರಿನಲ್ಲಿ ಜನಿಸಿ, ಕೇಂಬ್ರಿಜ್ಜಿನಲ್ಲಿ ಓದಿ, 1912ರಲ್ಲಿ ಅಲ್ಲಿಯೇ ಒಂದು ಪತ್ರಿಕೆಯನ್ನು ಹೊರಡಿಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶತ್ರುದೇಶದ ಪತ್ರಿಕೆಗಳ ಬರಹವನ್ನೂ ಅದರಲ್ಲಿ ಅನುವಾದಿಸಿ ಹಾಕಿದ್ದರಿಂದ ಅನೇಕರ ಕೋಪಕ್ಕೆ ಗುರಿಯಾದರು. 1918ರಲ್ಲಿ ಯುದ್ಧ ನಿಂತ ದಿನ ಪುಂಡ ವಿದ್ಯಾರ್ಥಿಗಳು ಅವರ ಅಂಗಡಿಯನ್ನು ಒಡೆದು ಹಾಕಿದರು. ಆ ರಾತ್ರಿಯೇ ಅವರೂ ಮಿತ್ರ ಐ. ಎ. ರಿಚರ್ಡ್ಸರೂ ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಕುರಿತು ಮಾತಿಗೆ ತೊಡಗಿದರಂತೆ. ಆ ಮಾತೇ ಬೆಳೆದು 1923ರಲ್ಲಿ ಗ್ರಂಥವಾಯಿತು. ಅದನ್ನು ಬರೆಯುವಾಗ, ಯಾವ ಪದವನ್ನು ವಿವರಿಸಹೊರಟರೂ ಕೆಲವೇ ಪದಗಳು ಮತ್ತೆ ಮತ್ತೆ ಬರುವುದನ್ನು ಕಂಡರು. ಹಾಗಾದರೆ ಆ ಕೆಲವೇ ಪದಗಳಿಂದ ಲೋಕವ್ಯವಹಾರವನ್ನೆಲ್ಲ ಏಕೆ ನಡೆಸಬಾರದು?

1930ರಲ್ಲಿ 'ಬೇಸಿಕ್ ಇಂಗ್ಲಿಷ್' ಪ್ರಕಟವಾಯಿತು. ಬ್ರಿಟಿಷ್, ಅಮೆರಿಕನ್, ಸೈಂಟಿಫಿಕ್, ಇಂಟರ್‌ನ್ಯಾಷನಲ್, ಕಮರ್ಷಿಯಲ್ ಎಂಬವುಗಳ ಮೊದಲ ಅಕ್ಷರಗಳೇ ಆ ಹೆಸರು. ವಾಣಿಜ್ಯವನ್ನು ಹೆಸರಿನಲ್ಲಿಯೇ ಸೇರಿಸಿದ್ದರು. ಒಟ್ಟು 850 ಪದಗಳು. 600 ವಸ್ತು-ವಿಷಯಗಳ ಹೆಸರು, 150 ಗುಣವಾಚಕ, ಉಳಿದ 100 ಇವನ್ನೆಲ್ಲ ಜೋಡಿಸುವವು. ಕ್ರಿಯಾಪದವು ಕೈಗೆ ಸಿಕ್ಕದೆ ಜಾರುವಂಥದೆಂಬ ಅಭಿಪ್ರಾಯವನ್ನು ಅವರು ಜೆರೆಮಿ ಬೆಂಥಾಮರಿಂದ ಪಡೆದಿದ್ದರು. ಆದ್ದರಿಂದ 18ನ್ನು ಮಾತ್ರ ಉಳಿಸಿಕೊಂಡರು. ಬೆಲೆ, ಲಾಭ, ನಷ್ಟ, ಸಾಲ, ವಿಮೆ ಎಲ್ಲವೂ ಪಟ್ಟಿಯಲ್ಲಿವೆ. ಇಲ್ಲದಿರುವುವು 'ಬೈ' ಮತ್ತು 'ಸೆಲ್'! ವರ್ತಕನು ಕೊಂಡೆನೆನ್ನುವಂತಿಲ್ಲ, ಹಣ ಕೊಟ್ಟು ಪಡೆದೆನೆನ್ನಬೇಕು. ಮಾವನಿಗೆ ಇದನ್ನು ಹೇಳಿದೆ. ಈ ಸಲ ಇಬ್ಬರೂ ನಕ್ಕೆವು.

ನನಗೆ ತೋರುವ ದೊಡ್ಡ ಕೊರತೆ ಬೇರೆ. 'ಗೆಟ್', 'ಪುಟ್' ಎಂಬ ಪುಟ್ಟ ಪದಗಳಿಗೆ 'ಅಪ್', 'ಆಫ್' ಎಂಬ ಬಾಲಗಳು ಸೇರಿದೊಡನೆ ಅರ್ಥವೇ ಬದಲಾಗುತ್ತದೆ. ಹುಟ್ಟು ಇಂಗ್ಲಿಷರಿಗೆ ಅದು ಸುಲಭ. ನಮಗೆ ಒಂದೊಂದೂ ಹೊಸ ಪಾಠ. ಪದಗಳ ಲೆಕ್ಕ ಇಳಿಯಿತು, ನಮ್ಮ ಹೊರೆ ಅಷ್ಟಾಗಿ ಇಳಿಯಲಿಲ್ಲ.

1943ರಲ್ಲಿ ಚರ್ಚಿಲರು ಹಾರ್ವರ್ಡಿನಲ್ಲಿ ಈ ಯೋಜನೆಯನ್ನು ಎತ್ತಿ ಹಿಡಿದರು. 1946ರಲ್ಲಿ ಆಗ್ಡನ್ನರು 23,000 ಪೌಂಡಿಗೆ ಗ್ರಂಥಸ್ವಾಮ್ಯವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. ಬಳಿಕ ಅದು ಚಿಗುರಲಿಲ್ಲ. ಅತ್ತ ಅಮೆರಿಕದ ಸರಕು, ಡಾಲರು, ವಿಮಾನಗಳ ಬೆನ್ನುಹತ್ತಿ ಇಡಿಯ ಇಂಗ್ಲಿಷೇ ಲೋಕದ ಪೇಟೆಗಳಿಗೆ ನುಗ್ಗಿತು. ಯಾರ ಪಟ್ಟಿಯನ್ನೂ ಕೇಳಲಿಲ್ಲ. ಗಡಿಯಾರ, ಮುಖವಾಡಗಳನ್ನು ಕೂಡಿಹಾಕುವ ಹುಚ್ಚಿದ್ದ ಆಗ್ಡನ್ನರು 1957ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಆ 850 ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಕೊನೆಯಲ್ಲಿ 'ಬೈ', 'ಸೆಲ್' ಎರಡನ್ನು ನಾನೇ ಸೇರಿಸಿದ್ದೇನೆ. ದಸರೆಯ ರಜೆಗೆ ಮತ್ತೆ ಮಂಡಿಗೆ ಹೋಗಬೇಕು.