ಫ್ರಾಂಕ್ಲಿನ್ ಅವರ ಕಪ್ಪು ಚುಕ್ಕೆ ಪುಸ್ತಕ

ಮಿಂಚು ಅಂದ್ರೆ ವಿದ್ಯುತ್ತೇ ಎಂದು ಪ್ರಯೋಗ ಮಾಡಿದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಅವರ ಹೆಸರು ನಿಮಗೆಲ್ಲ ಗೊತ್ತು. ಆದರೆ ಅವರು ತಮ್ಮ ಮೇಲೇ ಒಂದು ಪ್ರಯೋಗ ಮಾಡಿಕೊಂಡಿದ್ದರು. ಅದನ್ನು ಇಲ್ಲಿ ಬರೆದಿದ್ದೇನೆ.

ಫ್ರಾಂಕ್ಲಿನ್ 1706ರ ಜನವರಿ 17ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜನಿಸಿದರು. ತಂದೆ ಸೋಪು, ಮೇಣದಬತ್ತಿ ತಯಾರಿಸುತ್ತಿದ್ದರು. ತಂದೆಗೆ ಒಟ್ಟು 17 ಮಕ್ಕಳು! ಹಾಗಾಗಿ ಇವರು ಶಾಲೆಗೆ ಹೋಗಿದ್ದು ಎರಡೇ ವರ್ಷ. 12ನೇ ವಯಸ್ಸಿಗೆ ಅಣ್ಣನ ಅಚ್ಚುಕೂಟಕ್ಕೆ ಕೆಲಸ ಕಲಿಯಲು ಸೇರಿದರು. ಅಣ್ಣ ಹೊಡೆಯುತ್ತಿದ್ದರು. 1723ರಲ್ಲಿ ಫಿಲಡೆಲ್ಫಿಯಾಕ್ಕೆ ಓಡಿಹೋದರು.

ಮುಂದೆ ಲಂಡನ್ನಿಗೆ ಹೋಗಿ ಅಲ್ಲೂ ಅಚ್ಚುಕೂಟದಲ್ಲೇ ದುಡಿದರು. ಅಲ್ಲಿಯ ಕೆಲಸಗಾರರು ಬೆಳಿಗ್ಗೆ ತಿಂಡಿಗೆ ಮೊದಲೇ ಬಿಯರ್ ಶುರು ಮಾಡಿ ಸಂಜೆವರೆಗೂ ಕುಡೀತಿದ್ದರು. ಕುಡಿದರೇ ಶಕ್ತಿ ಬರೋದು ಅಂತ ಅವರ ನಂಬಿಕೆ. ಫ್ರಾಂಕ್ಲಿನ್ ಬರೀ ನೀರು ಕುಡಿದು, ಅಚ್ಚುಮೊಳೆ ತುಂಬಿದ ಭಾರದ ಚೌಕಟ್ಟುಗಳನ್ನು ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಉಳಿದವರು ಎರಡು ಕೈಯಲ್ಲಿ ಒಂದನ್ನು ಹೊರುತ್ತಿದ್ದರು. ಶನಿವಾರದ ಕೂಲಿಯಲ್ಲಿ ಬಿಯರ್ ಬಾಕಿಯೇ ಒಂದಿಷ್ಟು ಹೋಗುತ್ತಿತ್ತು. (ನಮ್ಮ ಕಡೆ ಸಂತೆ ದಿನದ ಕೂಲಿ ಎಲ್ಲಿಗೆ ಹೋಗುತ್ತೆ ಅಂತ ಬರೆಯೋದು ಬೇಡ, ಎಲ್ಲರಿಗೂ ಗೊತ್ತು.)

ಹಾಗಂತ ಫ್ರಾಂಕ್ಲಿನ್ ಅವರಲ್ಲಿ ತಪ್ಪೇ ಇರಲಿಲ್ಲ ಅಂತಲ್ಲ. ಹರಟೆ, ವಾದ, ಕಾಗದ-ಪತ್ರ ಎಲ್ಲೆಂದರಲ್ಲಿ ಇಡೋದು ಎಲ್ಲ ಇತ್ತು. ಫಿಲಡೆಲ್ಫಿಯಾಕ್ಕೆ ವಾಪಸ್ ಬಂದು ಸ್ವಂತ ಅಚ್ಚುಕೂಟ ನಡೆಸುತ್ತಿದ್ದಾಗ, ಎಲ್ಲವನ್ನೂ ಒಟ್ಟಿಗೇ ಬಿಡಬೇಕೆಂದು ನಿಶ್ಚಯಿಸಿದರು. ಆಗಲಿಲ್ಲ. ಒಂದು ತಪ್ಪಿನ ಮೇಲೆ ಕಣ್ಣಿಟ್ಟಿದ್ದರೆ ಇನ್ನೊಂದು ಹಿಂದಿನಿಂದ ನುಗ್ಗುತ್ತಿತ್ತು. ಚಟ ಅನ್ನೋದು ನಾವು ಮೈಮರೆತಾಗಲೇ ಬರುತ್ತೆ, ಅದಕ್ಕೆ ಯುಗಾದಿ ದಿನ ಹಾಕಿದ ಆಣೆ ನೆನಪಿರಲ್ಲ.

ಆಗ ಒಂದು ಚಿಕ್ಕ ಪುಸ್ತಕ ಮಾಡಿದರು. ಅದರಲ್ಲಿ 13 ಒಳ್ಳೆಯ ಗುಣಗಳ ಹೆಸರು. (ಮೊದಲು 12 ಇದ್ದವು. ನಿಮಗೆ ಅಹಂಕಾರ ಜಾಸ್ತಿ ಅಂತ ಸ್ನೇಹಿತರೊಬ್ಬರು ಹೇಳಿದ ಮೇಲೆ ವಿನಯವನ್ನೂ ಸೇರಿಸಿದರು.) ಕೆಂಪು ಶಾಯಿಯಲ್ಲಿ ಗೆರೆ ಎಳೆದು ವಾರದ ಏಳು ದಿನಕ್ಕೆ ಏಳು ಮನೆ. ಇಡೀ ದಿನವನ್ನು ನೆನಪು ಮಾಡಿಕೊಂಡು, ಎಲ್ಲಿ ತಪ್ಪಿದ್ದಾರೋ ಅಲ್ಲಿ ಒಂದು ಕಪ್ಪು ಚುಕ್ಕೆ. ವಾರಕ್ಕೆ ಒಂದೇ ಗುಣದ ಮೇಲೆ ಹೆಚ್ಚು ಗಮನ. 13 ವಾರ ಮುಗಿದರೆ ಮತ್ತೆ ಮೊದಲಿಂದ. ವರ್ಷಕ್ಕೆ ನಾಲ್ಕು ಸುತ್ತು. ಮೊದಲನೇ ವಾರ ತಿನ್ನೋದು, ಕುಡಿಯೋದರಲ್ಲಿ ಮಿತಿ. ಯಾಕಂದ್ರೆ ತಲೆ ತಿಳಿಯಾಗಿದ್ದರೆ ತಾನೇ ಉಳಿದದ್ದರ ಮೇಲೆ ನಿಗಾ ಇಡೋಕಾಗೋದು! ಎರಡನೇ ವಾರ ಮೌನ.

ಚುಕ್ಕೆ ಇಡೋಕೆ ಶುರು ಮಾಡಿದ ಮೇಲೆ ಅವರಿಗೇ ಆಶ್ಚರ್ಯ ಆಯಿತು. ಅಂದುಕೊಂಡಿದ್ದಕ್ಕಿಂತ ತುಂಬ ಹೆಚ್ಚು ತಪ್ಪುಗಳು! ಆದರೆ ನೋಡ್ತಾ ನೋಡ್ತಾ ಅವು ಕಮ್ಮಿ ಆದವು. ತಮ್ಮನ್ನು ತಾವು ಬೈದುಕೊಳ್ಳದೆ ಬರೀ ಲೆಕ್ಕ ಇಟ್ಟರು ನೋಡಿ, ನನಗೆ ಬಹಳ ಹಿಡಿಸಿದ್ದು ಅದೇ. ಹಳೇ ಚುಕ್ಕೆ ಕೆರೆದು ಕೆರೆದು ಹಾಳೆಗಳು ತೂತಾದವು. ಆಮೇಲೆ ದಂತದ ಹಾಳೆಯ ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಒದ್ದೆ ಸ್ಪಂಜಿನಿಂದ ಒರೆಸುತ್ತಿದ್ದರು, ನಮ್ಮ ಸ್ಲೇಟಿನ ಹಾಗೆ.

ಸಾಮಾನು ಜೋಡಿಸಿಡೋ ಗುಣ ಮಾತ್ರ ಮುದುಕರಾದರೂ ಬರಲಿಲ್ಲ. ಊಟದ ಮಿತಿಯೂ ಕೈತಪ್ಪಿತು. ಅಮೆರಿಕದ ಪ್ರತಿನಿಧಿಯಾಗಿ ಫ್ರಾನ್ಸಿನಲ್ಲಿದ್ದಾಗ ಗೌಟ್ ಎಂಬ ಕೀಲುನೋವು ಕಾಡಿತು. 1780ರಲ್ಲಿ ಅವರು ಆ ರೋಗದ ಜೊತೆ ಮಾತಾಡುವ ಒಂದು ಸಂಭಾಷಣೆ ಬರೆದರು. ಅದರಲ್ಲಿ ರೋಗವೇ ಅವರನ್ನು ಜಾಸ್ತಿ ತಿಂದಿದ್ದಕ್ಕೆ, ನಡೆದಾಡದೆ ಚದುರಂಗ ಆಡುತ್ತ ಕೂತಿದ್ದಕ್ಕೆ ಚೆನ್ನಾಗಿ ಬೈಯುತ್ತದೆ. ಆಗ ಅವರಿಗೆ 74 ವರ್ಷ. ಇನ್ನೂ ಹತ್ತು ವರ್ಷ ಬದುಕಿ, 1790ರ ಏಪ್ರಿಲ್ 17ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು.