ಸೇತುವೆಯ ಮೇಲೆ ನಿಂತ ಖಗೋಳಜ್ಞ

ಜ್ಞಾನವನ್ನು ಸಂಪಾದಿಸುವುದು ಒಂದು ತಪಸ್ಸಾದರೆ, ಸಂಪಾದಿಸಿದ ಜ್ಞಾನವನ್ನು ದಾರಿಹೋಕನಿಗೂ ತಿಳಿಯುವಂತೆ ಹಂಚುವುದು ಅದಕ್ಕಿಂತ ಕಠಿಣವಾದ ಮತ್ತೊಂದು ತಪಸ್ಸು. ಮೊದಲನೆಯದನ್ನು ಸಾಧಿಸಿದ ವಿದ್ವಾಂಸರು ಹಲವರು. ಎರಡನೆಯದಕ್ಕೂ ಮನಸ್ಸು ಮಾಡಿದವರು ವಿರಳ. ಅಂತಹ ವಿರಳರಲ್ಲಿ ಒಬ್ಬರಾದ ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಜೆರೋಮ್ ಲಲಾಂದ್ ಅವರ ಬದುಕನ್ನು ಈ ವಾರ ನಾವು ಸ್ಮರಿಸಬಯಸುತ್ತೇವೆ. ಅವರು ದೇವರನ್ನು ನಂಬಿದವರಲ್ಲ. ಹಾಗಿದ್ದೂ ಈ ಅಂಕಣದಲ್ಲಿ ಅವರಿಗೇಕೆ ಸ್ಥಾನ ಎಂಬುದು ಲೇಖನ ಮುಗಿಯುವ ಹೊತ್ತಿಗೆ ಓದುಗರಿಗೆ ತಾನಾಗಿಯೇ ವೇದ್ಯವಾದೀತು.

ಲಲಾಂದ್ ಹುಟ್ಟಿದ್ದು 1732ರ ಜುಲೈ 11ರಂದು, ಬೂರ್ಗ್ ಎಂಬ ಸಣ್ಣ ಪಟ್ಟಣದಲ್ಲಿ. ಲಿಯೋನ್ ನಗರದ ಯೇಸುಸಭೆಯ ವಿದ್ಯಾಲಯದಲ್ಲಿ ಅವರ ಶಿಕ್ಷಣ ನಡೆಯಿತು. ಅಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಫಾದರ್ ಬೆರೋ ಅವರ ಜೊತೆ 1748ರ ಸೂರ್ಯಗ್ರಹಣವನ್ನು ವೀಕ್ಷಿಸಿದ ಬಾಲಕನ ಮನಸ್ಸು ಆಕಾಶದತ್ತ ತಿರುಗಿತು. ತಾನೂ ಯೇಸುಸಭೆಯನ್ನು ಸೇರಬೇಕೆಂಬ ಹಂಬಲ ಆ ವಯಸ್ಸಿನಲ್ಲಿ ಅವನಿಗಿತ್ತು. ತಂದೆತಾಯಿಗಳು ಅದಕ್ಕೊಪ್ಪದೆ ಕಾನೂನು ಕಲಿಯಲು ಪ್ಯಾರಿಸಿಗೆ ಕಳುಹಿಸಿದರು. ಆದರೆ ಅವನು ಉಳಿದುಕೊಂಡ ಕಟ್ಟಡದಲ್ಲೇ ಖಗೋಳಜ್ಞ ದೆಲಿಲ್ ಅವರ ವೀಕ್ಷಣಾಲಯವಿತ್ತು. ನ್ಯಾಯಶಾಸ್ತ್ರದ ಗ್ರಂಥಗಳು ಹಿಂದೆ ಸರಿದವು, ನಕ್ಷತ್ರಗಳು ಗೆದ್ದವು.

1751ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಚಂದ್ರನ ದೂರವನ್ನು ಅಳೆಯುವ ಕಾರ್ಯಕ್ಕೆ ಕೈಹಾಕಿತು. ಆಫ್ರಿಕದ ದಕ್ಷಿಣ ತುದಿಯಲ್ಲಿ ಲಕಾಯ್ ಎಂಬ ವಿದ್ವಾಂಸ ಗುರುಗಳು ಚಂದ್ರನನ್ನು ವೀಕ್ಷಿಸುತ್ತಿದ್ದಾಗ, ಉತ್ತರದ ಬರ್ಲಿನ್ನಿನಲ್ಲಿ ನಿಂತು ಅದೇ ಚಂದ್ರನನ್ನು ಅಳೆಯುವ ಹೊಣೆ ಹತ್ತೊಂಬತ್ತರ ಹರೆಯದ ಲಲಾಂದ್ ಅವರ ಪಾಲಿಗೆ ಬಂತು. ಎರಡು ದೂರದ ಸ್ಥಳಗಳಿಂದ ನೋಡಿದಾಗ ಚಂದ್ರನ ಸ್ಥಾನದಲ್ಲಿ ತೋರುವ ಅಲ್ಪ ವ್ಯತ್ಯಾಸವೇ ಅದರ ದೂರವನ್ನು ಹೇಳಿಕೊಡುತ್ತದೆ. ಈ ಕಾರ್ಯವನ್ನು ಯಶಸ್ವಿಯಾಗಿ ಪೂರೈಸಿದ ತರುಣನಿಗೆ 1753ರಲ್ಲಿ ಪ್ಯಾರಿಸಿನ ಅಕಾಡೆಮಿಯ ಬಾಗಿಲು ತೆರೆಯಿತು.

ಮುಂದೆ ಹ್ಯಾಲಿ ಧೂಮಕೇತುವಿನ ಪುನರಾಗಮನವನ್ನು ಗಣಿಸುವ ಕಾರ್ಯದಲ್ಲಿ ಗಣಿತಜ್ಞ ಕ್ಲೆರೋ ಅವರಿಗೆ ಲಲಾಂದ್ ಹಾಗೂ ನಿಕೋಲ್ ರೇನ್ ಲೆಪೋಟ್ ಎಂಬ ವಿದುಷಿ ನೆರವಾದರು. ತಿಂಗಳುಗಟ್ಟಲೆ ಬೆಳಗಿನಿಂದ ರಾತ್ರಿಯವರೆಗೆ ಕೈಯಿಂದಲೇ ಲೆಕ್ಕಾಚಾರ ನಡೆಯಿತು. ಧೂಮಕೇತುವು 1759ರ ಏಪ್ರಿಲ್ ಮಧ್ಯಭಾಗದಲ್ಲಿ ಸೂರ್ಯನಿಗೆ ಅತಿ ಸಮೀಪ ಬರುವುದೆಂದು ಅವರು ಸಾರಿದರು. ಅದು ಬಂದದ್ದು ಮಾರ್ಚ್ 13ರಂದು. ಸುಮಾರು 76 ವರ್ಷಗಳ ಪಯಣದಲ್ಲಿ ವ್ಯತ್ಯಾಸವಾದದ್ದು ಒಂದೇ ತಿಂಗಳು. ತಮ್ಮೊಡನೆ ದುಡಿದ ಆ ಮಹಿಳೆಯ ಶ್ರಮವನ್ನು ಲಲಾಂದ್ ಮುಕ್ತಕಂಠದಿಂದ ಪ್ರಶಂಸಿಸಿದರೆಂಬುದು ಗಮನಾರ್ಹ. ಸ್ತ್ರೀಯರಿಗೂ ಆಕಾಶದ ಅರಿವು ಸಲ್ಲಬೇಕೆಂದು ಮುಂದೆ ಅವರಿಗಾಗಿಯೇ ಒಂದು ಖಗೋಳ ಗ್ರಂಥವನ್ನು ಬರೆದರು.

1761 ಮತ್ತು 1769ರಲ್ಲಿ ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋಯಿತು. ಅದನ್ನು ನೋಡಲು ಜಗತ್ತಿನ ಮೂಲೆಮೂಲೆಗೂ ವೀಕ್ಷಕರು ತೆರಳಿದರು. ನಮ್ಮ ನೆರೆಯ ಪುದುಚೇರಿಗೆ ಬಂದ ಲೆಜೆಂಟಿಲ್ ಎಂಬಾತ 1769ರ ಆ ಬೆಳಗ್ಗೆ ಮೋಡ ಕವಿದದ್ದರಿಂದ ಏನನ್ನೂ ಕಾಣದೆ ಹತಾಶನಾದುದು ವಿಜ್ಞಾನ ಚರಿತ್ರೆಯ ಕರುಣಾಜನಕ ಕಥೆಗಳಲ್ಲೊಂದು. ಎಲ್ಲೆಡೆಯ ವೀಕ್ಷಣೆಗಳನ್ನು ಸಂಗ್ರಹಿಸಿ, ತೂಗಿನೋಡಿ, ಸೂರ್ಯನ ದೂರವು ಇಂದಿನ ಅಳತೆಯಲ್ಲಿ ಸುಮಾರು 15 ಕೋಟಿ 30 ಲಕ್ಷ ಕಿಲೋಮೀಟರ್ ಎಂದು ಲಲಾಂದ್ ಗಣಿಸಿದರು. ಇಂದು ನಾವು ಒಪ್ಪಿರುವ ದೂರ ಸುಮಾರು 14 ಕೋಟಿ 96 ಲಕ್ಷ ಕಿಲೋಮೀಟರ್.

ಇಷ್ಟೇ ಆಗಿದ್ದರೆ ಅವರು ದೊಡ್ಡ ವಿದ್ವಾಂಸರ ಸಾಲಿನಲ್ಲಿ ಇನ್ನೊಬ್ಬರಾಗಿ ಉಳಿಯುತ್ತಿದ್ದರು. ಆದರೆ 1773ರ ವಸಂತಕಾಲದಲ್ಲಿ ಒಂದು ವಿಚಿತ್ರ ಘಟನೆ ನಡೆಯಿತು. ಭೂಮಿಯ ಸಮೀಪಕ್ಕೆ ಬರಬಲ್ಲ ಧೂಮಕೇತುಗಳ ಕುರಿತು ಅವರು ಅಕಾಡೆಮಿಯ ಸಭೆಗಾಗಿ ಒಂದು ಪ್ರಬಂಧವನ್ನು ಸಿದ್ಧಪಡಿಸಿದ್ದರು. ಸಮಯ ಸಾಲದೆ ಅದನ್ನು ಓದಲಾಗಲಿಲ್ಲ. ಓದದ ಪ್ರಬಂಧದ ಸುತ್ತ ಗಾಳಿಸುದ್ದಿ ಹಬ್ಬಿತು. ಮೇ ತಿಂಗಳಲ್ಲಿ ಧೂಮಕೇತು ಬಡಿದು ಲೋಕವೇ ನಾಶವಾಗುವುದೆಂದು ಪ್ಯಾರಿಸ್ ನಗರ ನಡುಗಿತು. ಪತ್ರಿಕೆಯಲ್ಲಿ ಸ್ಪಷ್ಟೀಕರಣ ನೀಡಿ, ಪ್ರಬಂಧವನ್ನೇ ಅಚ್ಚು ಹಾಕಿಸಿ ಜನರನ್ನು ಸಮಾಧಾನಪಡಿಸಬೇಕಾಯಿತು. ಪಂಡಿತರ ಸಭೆಯೊಳಗೆ ಮುಚ್ಚಿಟ್ಟ ಅರಿವು ಹೊರಗಿನವರ ಪಾಲಿಗೆ ಭೀತಿಯಾಗಿ ಪರಿಣಮಿಸಬಲ್ಲದು. ಬಿಚ್ಚಿ ತೋರಿಸಿದ ಅರಿವೇ ಭೀತಿಗೆ ಮದ್ದು. ಜನರ ಅಂಜಿಕೆಯನ್ನು ಹೋಗಲಾಡಿಸಲು ಈ ಮಹಾಶಯರು ಎಲ್ಲರೆದುರು ಜೇಡಗಳನ್ನು ತಿಂದು ತೋರಿಸುತ್ತಿದ್ದರಂತೆ! ಕೇಳಿದರೆ ನಗು ಬರಬಹುದು, ಆದರೆ ಅದರ ಹಿಂದಿದ್ದ ವಿಚಾರ ನಗುವಂಥದ್ದಲ್ಲ.

ಪ್ಯಾರಿಸಿನ ಸೇನ್ ನದಿಗೆ ಅಡ್ಡಲಾಗಿ ಪೋಂ ನಫ್ ಎಂಬ ಸೇತುವೆಯಿದೆ. ಹೊಸ ಸೇತುವೆ ಎಂದು ಅದರ ಅರ್ಥವಾದರೂ ಈಗ ನಗರದಲ್ಲಿ ಉಳಿದಿರುವ ಸೇತುವೆಗಳಲ್ಲಿ ಅದೇ ಅತ್ಯಂತ ಹಳೆಯದು. ಆ ಕಾಲದ ಇತರ ಸೇತುವೆಗಳ ಮೇಲೆ ಮನೆಗಳ ಸಾಲು ಇರುತ್ತಿದ್ದರೆ, ಇದರ ಮೇಲೆ ಮನೆಗಳಿರಲಿಲ್ಲ. ಕಾಲ್ನಡಿಗೆಯವರಿಗೆ ಪ್ರತ್ಯೇಕ ಜಗಲಿಯಿತ್ತು. ಮೇಲೆ ಆಕಾಶ ತೆರೆದಿತ್ತು. ಯುರೋಪಿನಾದ್ಯಂತ ಹೆಸರಾದ ವಯೋವೃದ್ಧ ಲಲಾಂದ್ ರಾತ್ರಿಯ ಹೊತ್ತು ಈ ಸೇತುವೆಯ ಮೇಲೆ ನಿಂತು ದಾರಿಹೋಕರಿಗೆ ನಕ್ಷತ್ರಗಳನ್ನು ತೋರಿಸುತ್ತಿದ್ದರು. ಅವರು ವಿಶೇಷವಾಗಿ ತೋರಿಸುತ್ತಿದ್ದುದು ಆಲ್ಗಾಲ್ ಎಂಬ ತಾರೆಯನ್ನು.

ಆ ಆಯ್ಕೆಯಲ್ಲೂ ಒಂದು ವಿವೇಕವಿದೆ. ಆಲ್ಗಾಲನ್ನು ನೋಡಲು ದೂರದರ್ಶಕ ಬೇಡ, ಹಣ ಬೇಡ, ಪಾಂಡಿತ್ಯ ಬೇಡ. ಎರಡು ಕಣ್ಣುಗಳು ಸಾಕು. ಸುಮಾರು 2 ದಿನ 21 ಗಂಟೆಗಳಿಗೊಮ್ಮೆ ಅದು ಮಂಕಾಗುತ್ತಾ ಹೋಗಿ ಮತ್ತೆ ಬೆಳಗುತ್ತದೆ. ಮಂಕಾಗಿ ಮರಳಿ ಬೆಳಗುವ ಈ ಇಡೀ ವ್ಯಾಪಾರ ಸುಮಾರು 10 ಗಂಟೆಗಳಲ್ಲಿ ಮುಗಿಯುತ್ತದೆ. ಒಂದು ಮಬ್ಬು ಕಾಯವು ತಾರೆಯ ಎದುರು ಹಾದುಹೋಗುವುದೇ ಇದಕ್ಕೆ ಕಾರಣವಿರಬಹುದೆಂದು ಇಂಗ್ಲೆಂಡಿನ ಕಿವುಡ ತರುಣ ಜಾನ್ ಗುಡ್ರಿಕ್ 1783ರಲ್ಲಿ ಊಹಿಸಿದ್ದರು. 1889ರಲ್ಲಿ ಆ ಊಹೆ ನಿಜವೆಂದು ಸಿದ್ಧವಾಯಿತು. ಆಕಾಶವು ಚಲನೆಯಿಲ್ಲದ ಚಿತ್ರಪಟವಲ್ಲ, ಅಲ್ಲಿಯೂ ಆಗುಹೋಗುಗಳಿವೆ ಎಂಬ ಸತ್ಯವನ್ನು ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಕೂಲಿಯವನೂ ತನ್ನ ಕಣ್ಣಾರೆ ಕಾಣಬಹುದಾಗಿತ್ತು.

ಆಕಾಶಯಾನದ ಚರಿತ್ರೆಯಲ್ಲೂ ಲಲಾಂದ್ ಅವರ ಹೆಸರುಂಟು. ಆದರೆ ಅದು ಆರಂಭವಾದದ್ದು ಒಂದು ತಪ್ಪು ತೀರ್ಪಿನಿಂದ. 1782ರಲ್ಲಿ ಬ್ಲಾಂಶಾರ್ ಎಂಬಾತ ಹಾರುವ ಯಂತ್ರವೊಂದನ್ನು ಕಟ್ಟುತ್ತಿದ್ದಾಗ, ಮನುಷ್ಯನು ಗಾಳಿಯಲ್ಲಿ ಮೇಲೇರುವುದು ಸರ್ವಥಾ ಅಸಾಧ್ಯವೆಂದು ಲಲಾಂದ್ ಪತ್ರಿಕೆಯಲ್ಲಿ ಬರೆದರು. ಮರುವರ್ಷವೇ ಮೋಂಗೊಲ್ಫಿಯೆ ಸಹೋದರರ ಬಿಸಿಗಾಳಿಯ ಬೆಲೂನ್ ಮೇಲೇರಿತು. 1783ರ ನವೆಂಬರ್ 21ರಂದು ಇಬ್ಬರು ಮನುಷ್ಯರು ಪ್ಯಾರಿಸಿನ ಮೇಲೆ ಸುಮಾರು 25 ನಿಮಿಷ ಹಾರಾಡಿದರು. ಲಲಾಂದ್ ಹಟ ಹಿಡಿಯಲಿಲ್ಲ. ಅವರು ಬೆಲೂನುಗಳ ಉತ್ಸಾಹಿ ಸಮರ್ಥಕರಾದರು. ಅರವತ್ತು ದಾಟಿದ ಮೇಲೆ ಅದೇ ಬ್ಲಾಂಶಾರ್ ಜೊತೆ ತಾವೇ ಬೆಲೂನನ್ನೇರಿದರು. ತಾನು ಅಲ್ಲಗಳೆದದ್ದು ನಿಜವೆಂದು ಕಂಡಾಗ ಅದರೊಳಗೇ ಹೆಜ್ಜೆಯಿಟ್ಟು ಕುಳಿತುಕೊಳ್ಳುವ ವಿನಯ ಎಷ್ಟು ಮಂದಿ ಪಂಡಿತರಿಗೆ ಉಂಟು?

ಇನ್ನು ಅವರ ನಾಸ್ತಿಕತೆಯ ಮಾತು. ಯೌವನದ ಭಕ್ತಿ ಅವರಲ್ಲಿ ಉಳಿಯಲಿಲ್ಲ. ನಾಸ್ತಿಕರ ನಿಘಂಟಿಗೆ ಅವರು 1803 ಹಾಗೂ 1805ರಲ್ಲಿ ಪುರವಣಿಗಳನ್ನು ಬರೆದರು. 1805ರ ಡಿಸೆಂಬರಿನಲ್ಲಿ ಚಕ್ರವರ್ತಿ ನೆಪೋಲಿಯನ್ನನೇ ಯುದ್ಧಭೂಮಿಯ ಕಡೆಯಿಂದ ಪತ್ರ ಬರೆದು, ಅಂತಹ ಬರಹಗಳನ್ನು ಮುಂದೆ ಪ್ರಕಟಿಸಬಾರದೆಂದು ನಿರ್ಬಂಧಿಸಬೇಕಾಯಿತು. ಈ ವಿಷಯದಲ್ಲಿ ನಾವು ಅವರನ್ನು ಸಮರ್ಥಿಸಲಾರೆವು. ನಕ್ಷತ್ರಗಳ ಕ್ರಮವನ್ನು ಅಷ್ಟು ಚೆನ್ನಾಗಿ ಬಲ್ಲವರು ಆ ಕ್ರಮಕ್ಕೆ ಮೂಲವೇನೆಂಬ ಪ್ರಶ್ನೆಯ ಬಾಗಿಲಲ್ಲೇ ನಿಂತುಬಿಟ್ಟರಲ್ಲ ಎಂದು ಖೇದವಾಗುತ್ತದೆ.

ಆದರೆ ಇದೇ ನಾಸ್ತಿಕರು, ಯೇಸುಸಭೆಯು ರದ್ದಾಗಿ ಅದರ ಗುರುಗಳು ಎಲ್ಲೆಡೆ ನಿಂದೆಗೆ ಗುರಿಯಾದಾಗ, ತಮ್ಮ ಹಳೆಯ ಗುರುಗಳ ಪರವಾಗಿ ಬಹಿರಂಗವಾಗಿ ಮಾತನಾಡಿದರು. ಮಹಾಕ್ರಾಂತಿಯ ಭಯಂಕರ ದಿನಗಳಲ್ಲಿ, ಗುರುಗಳಿಗೆ ಆಶ್ರಯ ನೀಡಿದವನ ತಲೆಯೂ ಉರುಳಬಹುದಾಗಿದ್ದ ಕಾಲದಲ್ಲಿ, ಓಡಿಬಂದ ಧರ್ಮಗುರುಗಳನ್ನು ಅವರು ವೀಕ್ಷಣಾಲಯದಲ್ಲಿ ಬಚ್ಚಿಟ್ಟು, ಖಗೋಳಜ್ಞರೆಂದು ಹೇಳಿ ಕಾಪಾಡಿದರು. ಸ್ವರ್ಗವನ್ನು ಧ್ಯಾನಿಸುವವರಿಗೂ ಆಕಾಶವನ್ನು ನೋಡುವವರಿಗೂ ಹೆಚ್ಚಿನ ಅಂತರವಿಲ್ಲವೆಂಬುದು ಅವರ ಸಮಾಧಾನವಾಗಿತ್ತಂತೆ. ನಂಬಿಕೆಯಿದ್ದ ಎಷ್ಟೋ ಮಂದಿ ಅಂದು ಬಾಗಿಲು ಮುಚ್ಚಿಕೊಂಡಿದ್ದರು; ನಂಬಿಕೆಯಿಲ್ಲದವರೊಬ್ಬರು ಬಾಗಿಲು ತೆರೆದರು. ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರಿಯದವನ ಸಾಮತಿಯನ್ನು ಬಲ್ಲ ನಮಗೆ ಇದು ಅಪರಿಚಿತವಾದ ಪಾಠವಲ್ಲ.

ಅವರ ಶಿಷ್ಯರಲ್ಲೊಬ್ಬರಾದ ಇಟಲಿಯ ಧರ್ಮಗುರು ಪಿಯಾತ್ಸಿ 1801ರ ಜನವರಿ 1ರಂದು ಸೆರೆಸ್ ಎಂಬ ಕಿರುಗ್ರಹವನ್ನು ಕಂಡುಹಿಡಿದರು. ಅದೇ ವರ್ಷ ಲಲಾಂದ್ ತಮ್ಮ ಬಂಧುವರ್ಗದ ನೆರವಿನಿಂದ ಸಿದ್ಧಪಡಿಸಿದ 47,390 ನಕ್ಷತ್ರಗಳ ಪಟ್ಟಿಯನ್ನು ಪ್ರಕಟಿಸಿದರು. 1795ರ ಮೇ 8 ಮತ್ತು 10ರಂದು ಈ ಪಟ್ಟಿಗಾಗಿ ಗುರುತಿಸಿದ ಒಂದು ಚುಕ್ಕೆ ನಕ್ಷತ್ರವಲ್ಲ, ನೆಪ್ಚೂನ್ ಗ್ರಹವೆಂದು 1846ರಲ್ಲಿ ಆ ಗ್ರಹದ ಶೋಧವಾದ ನಂತರವಷ್ಟೇ ತಿಳಿಯಿತು. ಕಂಡವರಿಗೆ ತಾವು ಕಂಡದ್ದೇನೆಂದು ಗೊತ್ತಿರಲಿಲ್ಲ. ಆದರೂ ಪ್ರಾಮಾಣಿಕವಾಗಿ ಬರೆದಿಟ್ಟ ಆ ದಾಖಲೆ ಅರ್ಧ ಶತಮಾನದ ಬಳಿಕ ಗ್ರಹದ ಪಥವನ್ನು ನಿರ್ಧರಿಸಲು ನೆರವಾಯಿತು. 1807ರ ಏಪ್ರಿಲ್ 4ರಂದು ಲಲಾಂದ್ ಕಣ್ಮುಚ್ಚಿದರು. ಅದಕ್ಕೂ ಮೊದಲೇ, 1802ರಲ್ಲಿ, ತಮ್ಮ ಗಳಿಕೆಯ ಒಂದು ಭಾಗವನ್ನು ಖಗೋಳಶಾಸ್ತ್ರದ ಬಹುಮಾನಕ್ಕಾಗಿ ದತ್ತಿಯಿಟ್ಟಿದ್ದರು.

ಕೇವಲ ಬೆಳಗುವುದಕ್ಕಿಂತ ಇತರರಿಗೆ ಬೆಳಕು ನೀಡುವುದು ಮೇಲಾದದ್ದು. ಅಂತೆಯೇ, ಧ್ಯಾನಿಸಿ ಕಂಡ ಸತ್ಯವನ್ನು ಇತರರೊಡನೆ ಹಂಚಿಕೊಳ್ಳುವುದು ಬರಿಯ ಧ್ಯಾನಕ್ಕಿಂತ ಶ್ರೇಷ್ಠವಾದುದು ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಸತ್ಯವು ಯಾರ ಬಾಯಿಂದ ಬಂದರೂ ಅದರ ಮೂಲ ಒಂದೇ ಎಂಬುದೂ ಅವರ ಮತ. ಈ ಎರಡು ಮಾತುಗಳ ಬೆಳಕಿನಲ್ಲಿ ನೋಡಿದರೆ, ಸೇತುವೆಯ ಮೇಲೆ ನಿಂತ ಆ ವೃದ್ಧರು ತಮಗೆ ಅರಿವಿಲ್ಲದೆಯೇ ಸೃಷ್ಟಿಕರ್ತನ ಸೇವೆಯನ್ನು ಮಾಡುತ್ತಿದ್ದರೆಂದು ನಮಗನಿಸುತ್ತದೆ. ಪಂಡಿತರಾಗಲಿ, ಗುರುಗಳಾಗಲಿ, ಶಿಕ್ಷಕರಾಗಲಿ, ತಿಳಿದದ್ದನ್ನು ಗೋಡೆಯೊಳಗೆ ಇಟ್ಟುಕೊಂಡು ಜನರ ಅಜ್ಞಾನವನ್ನು ದೂರುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ.

ಡಿಸೆಂಬರ್, ಜನವರಿ ತಿಂಗಳುಗಳ ಮುಂಜಾವದ ಚಳಿಗೆ ಇನ್ನೂ ಬಹಳ ಹೊತ್ತಿರುವ ಸಂಜೆಗಳಲ್ಲಿ, ನಮ್ಮೂರಿನ ಆಕಾಶದಲ್ಲಿ ಕೃತ್ತಿಕೆಯ ಉತ್ತರಕ್ಕೆ ಆಲ್ಗಾಲ್ ಇಂದಿಗೂ ಕಾಣುತ್ತದೆ. ಅದನ್ನು ಗುರುತಿಸಿಕೊಂಡ ಓದುಗರು ಒಳಗೆ ಹೋಗುವ ಮುನ್ನ ನೆರೆಮನೆಯ ಮಗುವೊಂದನ್ನು ಅಂಗಳಕ್ಕೆ ಕರೆದು ತೋರಿಸಿದರೆ, ಲಲಾಂದ್ ಅವರ ಸ್ಮರಣೆಗೆ ಅದಕ್ಕಿಂತ ತಕ್ಕ ಕಾಣಿಕೆ ಬೇರೊಂದಿಲ್ಲ.