ಇಬ್ನುಲ್ ಹೈಸಮ್ ಮತ್ತು ನನ್ನ ಮೂಡ್

ಮಧ್ಯವಾರ್ಷಿಕ ಪರೀಕ್ಷೆಯ ಭೌತಶಾಸ್ತ್ರದ ಅಂಕ ನೋಡಿದ ಮೇಲೆ ಎರಡು ವಾರ ನಾನು ಆ ಪುಸ್ತಕ ಮುಟ್ಟಲಿಲ್ಲ. ಮೂಡ್ ಬಂದಾಗ ಓದಿದರಾಯಿತು ಎಂದುಕೊಂಡೆ. ಮೂಡ್ ಬರಲೇ ಇಲ್ಲ. ಆ ದಿನಗಳಲ್ಲೇ ಇಬ್ನುಲ್ ಹೈಸಮ್ ಅವರ ಜೀವನ ಓದಿದೆ. ಅವರು ಬೆಳಕಿನ ಬಗ್ಗೆ ಸಂಶೋಧನೆ ಮಾಡಿದ ದೊಡ್ಡ ವಿಜ್ಞಾನಿ ಎಂದು ಗೊತ್ತಿತ್ತು. ಅವರೂ ಒಮ್ಮೆ ಎಲ್ಲರೆದುರು ಸೋತಿದ್ದರು ಎಂಬುದು ಗೊತ್ತಿರಲಿಲ್ಲ.

ಅವರು ಹುಟ್ಟಿದ್ದು ಸುಮಾರು ಕ್ರಿ.ಶ. 965ರಲ್ಲಿ, ಇರಾಕಿನ ಬಸ್ರಾದಲ್ಲಿ. ಅವರ ಕಥೆಯನ್ನು ಇಬ್ನುಲ್ ಖಿಫ್ತಿ ಎಂಬ ಇತಿಹಾಸಕಾರ ಸುಮಾರು 200 ವರ್ಷಗಳ ನಂತರ ಬರೆದಿಟ್ಟಿದ್ದಾರೆ. ನೈಲ್ ನದಿಯ ನೀರನ್ನು ಹತೋಟಿಗೆ ತರಬಹುದೆಂಬ ಅವರ ಮಾತು ಈಜಿಪ್ಟಿನ ಖಲೀಫ ಅಲ್ ಹಾಕಿಮ್ ಅವರ ಕಿವಿಗೆ ಬಿತ್ತು. ಖಲೀಫರು ಅವರನ್ನು ಕೈರೋಗೆ ಕರೆಸಿ, ಕೆಲಸಗಾರರನ್ನು ಕೊಟ್ಟು ದಕ್ಷಿಣಕ್ಕೆ ಕಳುಹಿಸಿದರು. ದಾರಿಯಲ್ಲಿ ಪ್ರಾಚೀನ ಈಜಿಪ್ಟಿನವರ ಭವ್ಯ ಕಟ್ಟಡಗಳು ಕಂಡವು. ಇಷ್ಟೆಲ್ಲ ಬಲ್ಲವರು ನದಿಯನ್ನು ಹಾಗೇ ಬಿಟ್ಟಿದ್ದಾರೆಂದರೆ ಅದು ಆಗದ ಕೆಲಸವೇ ಇರಬೇಕೆಂದು ಅವರಿಗೆ ಅನ್ನಿಸಿತು. ಆಸ್ವಾನ್ ಬಳಿ ಸ್ಥಳ ನೋಡಿದ ಮೇಲೆ ಅದು ಖಚಿತವಾಯಿತು. ಬರಿಗೈಯಲ್ಲಿ ಹಿಂದಿರುಗಿ ಸೋಲು ಒಪ್ಪಿಕೊಂಡರು.

ಖಲೀಫರು ಒಂದು ಹುದ್ದೆಯನ್ನೇನೋ ಕೊಟ್ಟರು. ಆದರೆ ಅವರ ಸಿಟ್ಟು ಯಾವಾಗ ಯಾರ ಮೇಲೆ ತಿರುಗುತ್ತದೋ ಹೇಳುವಂತಿರಲಿಲ್ಲ. ಜೀವಭಯದಿಂದ ಇಬ್ನುಲ್ ಹೈಸಮ್ ಹುಚ್ಚರಂತೆ ನಟಿಸಿದರು. ಆಸ್ತಿ ಜಪ್ತಿಯಾಯಿತು, ಮನೆಯಲ್ಲೇ ಬಂಧನವಾಯಿತು. 1021ರಲ್ಲಿ ಅಲ್ ಹಾಕಿಮ್ ಅವರ ಕಾಲ ಮುಗಿದ ಮೇಲೆಯೇ ಬಿಡುಗಡೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಭಾಗ. ಐವತ್ತು ದಾಟಿದ ಅವರು ಅಲ್ ಅಝ್‌ಹರ್ ಮಸೀದಿಯ ಬಳಿ ವಾಸವಿದ್ದು, ಪುಸ್ತಕಗಳ ನಕಲು ಬರೆದು ಮಾರಿ ಬದುಕಿದರು. ಯೂಕ್ಲಿಡ್‌ನ ರೇಖಾಗಣಿತ, ಟಾಲೆಮಿಯ ಖಗೋಳಶಾಸ್ತ್ರ, ಇವೆರಡರ ನಡುವೆ ಓದಬೇಕಾದ ಗಣಿತ ಗ್ರಂಥಗಳು. ಇವನ್ನೇ ಪ್ರತಿ ವರ್ಷ ನಕಲು ಮಾಡುತ್ತಿದ್ದರು. ಬೆಲೆ 150 ದೀನಾರ್, ಚೌಕಾಸಿ ಇಲ್ಲ. ವರ್ಷದ ಖರ್ಚಿಗೆ ಅಷ್ಟು ಸಾಕಿತ್ತು.

ಅದೇ ಪುಸ್ತಕ, ಅದೇ ಸಾಲು, ವರ್ಷ ವರ್ಷವೂ! ಪ್ರತಿದಿನ ಅವರಿಗೆ ಉತ್ಸಾಹ ಇದ್ದಿರಲಾರದು. ಆದರೆ ನಕಲು ಬರೆಯಲು ಉತ್ಸಾಹ ಬೇಕಿಲ್ಲ, ಕುಳಿತರೆ ಸಾಕು. ಆ ದುಡಿಮೆ ಅನ್ನ ಕೊಟ್ಟಿತು, ಜೊತೆಗೆ ಅವರ ಸ್ವಂತ ಬರವಣಿಗೆಯೂ ನಡೆಯಿತು. 1040ರ ಸುಮಾರಿಗೆ ತೀರಿಕೊಳ್ಳುವ ಹೊತ್ತಿಗೆ ಅವರು ಏಳು ಸಂಪುಟಗಳ 'ಕಿತಾಬುಲ್ ಮನಾಝಿರ್' ಅಲ್ಲದೆ ಹತ್ತಾರು ಕೃತಿಗಳನ್ನು ಬರೆದಿದ್ದರು. ಕಣ್ಣಿನಿಂದ ಕಿರಣ ಹೊರಡುವುದಿಲ್ಲ, ವಸ್ತುವಿನ ಬೆಳಕು ಕಣ್ಣಿಗೆ ಬರುತ್ತದೆ ಎಂದು ತೋರಿಸಿದ್ದು ಆ ಗ್ರಂಥದಲ್ಲೇ. ಕತ್ತಲೆ ಕೋಣೆಯ ರಂಧ್ರದೆದುರು ದೀಪಗಳನ್ನು ಸಾಲಾಗಿಟ್ಟು, ಒಂದನ್ನು ಮರೆಮಾಡಿದರೆ ಗೋಡೆಯ ಮೇಲೆ ಅದರ ಬೆಳಕು ಮಾತ್ರ ಮಾಯವಾಗುವುದನ್ನು ಅವರು ಪರೀಕ್ಷಿಸಿ ನೋಡಿದ್ದರು.

ಈಗ ನಾನೂ ಮಗ್ರಿಬ್ ನಮಾಝ್ ಆದ ಮೇಲೆ ಅರ್ಧ ಗಂಟೆ ಕುಳಿತು ಆಪ್ಟಿಕ್ಸ್ ಪಾಠದ ಒಂದು ಡೆರಿವೇಶನ್ ನೋಟ್‌ಬುಕ್ಕಿಗೆ ನಕಲು ಮಾಡುತ್ತೇನೆ. ಮನಸ್ಸಿದ್ದರೂ ಸರಿ, ಇಲ್ಲದಿದ್ದರೂ ಸರಿ. ಮೊದಲ ವಾರ ಕೈ ಮಾತ್ರ ಓಡಿತು. ಎರಡನೇ ವಾರ ಒಂದು ಸಾಲಿನಲ್ಲಿ ಕೈ ನಿಂತಿತು. ಅದು ಹೇಗೆ ಬಂತು ಎಂಬ ಪ್ರಶ್ನೆ ಹುಟ್ಟಿತು. ಮರುದಿನ ಸರ್ ಬಳಿ ಹೋಗಿ ಕೇಳಿದೆ.